ಹತ್ತೋದು ಬೇರೆ, ಇಳಿಯೋದು ಬೇರೆ

ಕಳೆದ ಡಿಸೆಂಬರ್‌ನಲ್ಲಿ ನಮ್ಮ ಗುಂಪಿನ ಒಬ್ಬನ ಅಕ್ಕ ಸ್ವಿಟ್ಜರ್ಲೆಂಡಿನಿಂದ ಒಂದು ವಿಡಿಯೋ ಕಳಿಸಿದ್ದಳು. ಹಳದಿ-ಹಸಿರು ಬಣ್ಣದ ರೈಲು, ಸುತ್ತ ಮಂಡಿಮಟ್ಟ ಹಿಮ, ಒಳಗೆ ಸ್ಕೀ ಹಲಗೆಗಳನ್ನು ತಬ್ಬಿಕೊಂಡು ನಿಂತ ಜನ. ನಾವು ಬಿಎಂಟಿಸಿಯಲ್ಲಿ ಡ್ರಾಫ್ಟರ್ ಹಿಡ್ಕೊಂಡು ನಿಲ್ತೀವಲ್ಲ, ಥೇಟ್ ಹಾಗೆ. ಊರಿನ ಹೆಸರು ವೆಂಗೆನ್. ಅಲ್ಲಿಗೆ ಕಾರಿನಲ್ಲಿ ಹೋಗೋ ಹಾಗೇ ಇಲ್ಲ, ಸ್ಕೀ ಮಾಡೋರೆಲ್ಲ ರೈಲಿನಲ್ಲೇ ಬೆಟ್ಟ ಹತ್ತಬೇಕು. ನಾವೂ ಹೋಗೋಣ ಅಂತ ಕ್ಯಾಂಟೀನಲ್ಲಿ ಕೂತು ಖರ್ಚಿನ ಲೆಕ್ಕ ಹಾಕಿದೆವು. ಎರಡನೇ ಟೀ ಮುಗಿಯೋ ಹೊತ್ತಿಗೆ ಆಲ್ಪ್ಸ್ ಹೋಗಿ ಊಟಿ ಆಗಿತ್ತು.

ಜನವರಿ ರಜೆಯಲ್ಲಿ ಯಶವಂತಪುರದಿಂದ ರಾತ್ರಿ ರೈಲು ಹತ್ತಿದೆವು. ಬೆಳಗಿನ ಜಾವ ಕೊಯಮತ್ತೂರು, ಅಲ್ಲಿಂದ ಮೆಟ್ಟುಪಾಳ್ಯಂ, ಆಮೇಲೆ ನೀಲಗಿರಿಯ ಪುಟ್ಟ ರೈಲು. ಕಲ್ಲಾರ್ ಬಂದ ಮೇಲೆ ಎರಡು ಹಳಿಗಳ ಮಧ್ಯೆ ಹಲ್ಲುಗಳಿರುವ ಕಬ್ಬಿಣದ ಪಟ್ಟಿ ಶುರುವಾಗುತ್ತೆ. ಎಂಜಿನ್ ಮುಂದೆ ಎಳೆಯಲ್ಲ, ಹಿಂದಿನಿಂದ ನೂಕುತ್ತೆ. ಅದರ ಹಲ್ಲುಗಾಲಿ ಆ ಪಟ್ಟಿಯನ್ನು ಕಚ್ಚಿಕೊಂಡು ಕೂನೂರಿನವರೆಗೆ ಹತ್ತುತ್ತೆ. ವೆಂಗೆನ್ ರೈಲಿಗೂ ಇಂಥ ಹಲ್ಲು ಇದೆಯಾ ಅಂತ ಒಬ್ಬಳು ಕೇಳಿದಳು. ಮೆಕ್ಯಾನಿಕಲ್ ಓದೋ ನಮ್ಮ ಯಾರ ಹತ್ತಿರಾನೂ ಉತ್ತರ ಇರಲಿಲ್ಲ. ವಾಪಸ್ ಬಂದು ಹುಡುಕಿದಾಗ ಸಿಕ್ಕಿದ ಹೆಸರು ನಿಕ್ಲೌಸ್ ರಿಗೆನ್‌ಬಾಖ್. ಸ್ವಿಟ್ಜರ್ಲೆಂಡಿನಲ್ಲಿ ಪ್ರಸಿದ್ಧ. ನಮ್ಮ ಸಿಲಬಸ್‌ನಲ್ಲಿ ಇಲ್ಲ.

ಆತ ಹುಟ್ಟಿದ್ದು 1817ರ ಮೇ 21ರಂದು, ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಗೆಬ್‌ವಿಲ್ಲರ್‌ನಲ್ಲಿ. ಅಪ್ಪ ಸಕ್ಕರೆ ತಯಾರಿಸುತ್ತಿದ್ದ. ವ್ಯಾಪಾರ ಮುಳುಗಿತು, ಹುಡುಗ ಚಿಕ್ಕವನಿದ್ದಾಗಲೇ ಅಪ್ಪ ತೀರಿಕೊಂಡ. ಅಮ್ಮ ಮಕ್ಕಳನ್ನು ಕಟ್ಟಿಕೊಂಡು ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬಂದಳು. ಕಾಲೇಜು ಗೀಲೇಜು ಆತನ ಪಾಲಿಗೆ ಬರಲಿಲ್ಲ. ವರ್ಕ್‌ಶಾಪಿನಲ್ಲಿ ಕೆಲಸ ಕಲಿತ. ನಮಗಿಂತ ಒಂದೇ ವರ್ಷ ದೊಡ್ಡವನಾಗಿದ್ದಾಗ, 1837ರಲ್ಲಿ, ಫ್ರಾನ್ಸಿಗೆ ಹೋದ. ಮೊದಲು ಲಿಯೋನ್, ಆಮೇಲೆ ಪ್ಯಾರಿಸ್. ಹಗಲು ಯಂತ್ರಗಳ ಕೆಲಸ, ಸಂಜೆ ಗಣಿತ ಮತ್ತು ಭೌತಶಾಸ್ತ್ರದ ಕ್ಲಾಸು. ಪ್ಯಾರಿಸ್‌ನಿಂದ ಸೇಂಟ್ ಜರ್ಮೇನ್‌ಗೆ ರೈಲು ಓಡಲು ಶುರುವಾಗಿದ್ದ ಹೊಸದು. ಅದನ್ನು ನೋಡಿದ ಮೇಲೆ ಆತನಿಗೆ ಬೇರೆ ಕೆಲಸ ರುಚಿಸಲಿಲ್ಲವಂತೆ.

1840ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಗೆ ಹೋಗಿ ಕೆಸ್ಲರ್ ಕಾರ್ಖಾನೆ ಸೇರಿದ. ಅಲ್ಲಿ ನೂರೈವತ್ತರ ಹತ್ತಿರ ಉಗಿಬಂಡಿಗಳ ನಿರ್ಮಾಣದಲ್ಲಿ ಆತನ ಕೈ ಇತ್ತು. 1847ರಲ್ಲಿ ಸ್ವಿಟ್ಜರ್ಲೆಂಡಿನೊಳಗೇ ಓಡುವ ಮೊದಲ ರೈಲು ಜ್ಯೂರಿಕ್‌ನಿಂದ ಬಾಡೆನ್‌ಗೆ ಹೊರಟಾಗ, ಅದರ ‘ಲಿಮ್ಮಟ್’ ಎಂಜಿನ್ ನಡೆಸಿದ್ದು ರಿಗೆನ್‌ಬಾಖ್. ಆ ರೈಲಿಗೆ ಜನ ಇಟ್ಟ ಹೆಸರು ಸ್ಪ್ಯಾನಿಷ್ ಬನ್ ರೈಲು. ಬಾಡೆನ್‌ನ ಬನ್ ಅಷ್ಟು ಫೇಮಸ್ಸಂತೆ. ನಾವು ಮೈಸೂರು ರೈಲಿಗೆ ಮದ್ದೂರು ವಡೆ ರೈಲು ಅಂತ ಕರೆದರೆ ಹೇಗಿರುತ್ತೆ, ಹಾಗೆ.

1853ರಲ್ಲಿ ಸ್ವಿಸ್ ಸೆಂಟ್ರಲ್ ರೈಲ್ವೆ ಸೇರಿದ ಆತ ಮುಂದೆ ಓಲ್ಟೆನ್ ಎಂಬ ಊರಿನ ವರ್ಕ್‌ಶಾಪಿನ ಮುಖ್ಯಸ್ಥನಾದ. ಅಲ್ಲೇ ತಲೆನೋವು ಶುರುವಾಗಿದ್ದು. ಓಲ್ಟೆನ್ ಪಕ್ಕದ ಹೌಯೆನ್‌ಸ್ಟೈನ್ ಏರಿನಲ್ಲಿ ಎಂಜಿನ್ ಗಾಲಿಗಳು ಜಾರುತ್ತಿದ್ದವು. ಯಲಹಂಕದ ರೈಲು ಗಾಲಿ ಕಾರ್ಖಾನೆ ಮುಂದೆ ದಿನಾ ಓಡಾಡೋ ನಮಗೆ ಇದು ಹೊಳೆದಿರಲಿಲ್ಲ: ಉಕ್ಕಿನ ಗಾಲಿ ಉಕ್ಕಿನ ಹಳಿ ಮೇಲೆ ಸಲೀಸಾಗಿ ಉರುಳೋದಕ್ಕೆ ಕಾರಣ ಏನೋ, ಏರಿನಲ್ಲಿ ಕೈ ಕೊಡೋದಕ್ಕೂ ಅದೇ ಕಾರಣ. ಹಿಡಿತ ಕಮ್ಮಿ. ಮಳೆ, ಮಂಜು ಬಿದ್ದರೆ ಇನ್ನೂ ಕಮ್ಮಿ. ಯಶವಂತಪುರದಿಂದ ಮಂಗಳೂರಿಗೆ ಹಗಲು ರೈಲಿನಲ್ಲಿ ಹೋದವರಿಗೆ ಸಕಲೇಶಪುರ ಘಾಟಿಯ ತಿಣುಕಾಟ ಗೊತ್ತಿರುತ್ತೆ. ಅಲ್ಲಿ 50 ಮೀಟರ್ ಹೋದರೆ ಒಂದು ಮೀಟರ್ ಏರು, ಅಷ್ಟೇ. ನೀಲಗಿರಿಯಲ್ಲಿ ಅದು 12ಕ್ಕೆ ಒಂದು. ರಿಗೆನ್‌ಬಾಖ್ ತಲೆಯಲ್ಲಿ ಇದ್ದದ್ದು 4ಕ್ಕೆ ಒಂದು.

ಗಾಲಿ ಜಾರಿದರೆ ಹಲ್ಲು ಕೊಡೋಣ ಅನ್ನೋದು ಆತನ ಯೋಚನೆ. ಎರಡು ಉಕ್ಕಿನ ಪಟ್ಟಿಗಳ ಮಧ್ಯೆ ಅಡ್ಡಕಡ್ಡಿಗಳು. ನೆಲದ ಮೇಲೆ ಮಲಗಿಸಿದ ಏಣಿ ಅಂದ್ಕೊಳ್ಳಿ. ಎಂಜಿನ್ನಿನ ಹಲ್ಲುಗಾಲಿ ಆ ಏಣಿಯ ಮೆಟ್ಟಿಲುಗಳನ್ನು ಒಂದೊಂದಾಗಿ ಹಿಡಿದು ಹತ್ತುತ್ತೆ. 1863ರ ಆಗಸ್ಟ್ 12ರಂದು ಇದಕ್ಕೆ ಪೇಟೆಂಟ್ ಸಿಕ್ಕಿತು. ಅದೂ ಫ್ರಾನ್ಸಿನಲ್ಲಿ, ಯಾಕಂದ್ರೆ ಸ್ವಿಟ್ಜರ್ಲೆಂಡಿನಲ್ಲಿ ಆಗ ಪೇಟೆಂಟ್ ಕಾನೂನೇ ಇರಲಿಲ್ಲ! ಆಮೇಲೆ ಮಾದರಿ ಹಿಡ್ಕೊಂಡು ಅಲೆದ. ದೊಡ್ಡ ದೊಡ್ಡ ಎಂಜಿನಿಯರುಗಳು ನಕ್ಕರು. ವರ್ಷಗಳು ಹೋದವು. ಅಷ್ಟರಲ್ಲಿ ಅಮೆರಿಕದಲ್ಲಿ ಸಿಲ್ವೆಸ್ಟರ್ ಮಾರ್ಷ್ ಎಂಬಾತ ಮೌಂಟ್ ವಾಷಿಂಗ್ಟನ್ ಬೆಟ್ಟಕ್ಕೆ ಹಲ್ಲಿನ ರೈಲು ಹತ್ತಿಸಿಯೇ ಬಿಟ್ಟ, 1869ರಲ್ಲಿ. ಅಮೆರಿಕದಲ್ಲಿ ಸ್ವಿಟ್ಜರ್ಲೆಂಡಿನ ರಾಯಭಾರ ನೋಡಿಕೊಳ್ಳುತ್ತಿದ್ದ ಜಾನ್ ಹಿಟ್ಸ್ ಇದನ್ನು ನೋಡಿ, ನಿನ್ನ ಕೆಲಸ ಬಿಡಬೇಡ ಅಂತ ರಿಗೆನ್‌ಬಾಖ್‌ಗೆ ಧೈರ್ಯ ತುಂಬಿದ.

1871ರ ಮೇ 21ರಂದು, ಆತನ 54ನೇ ಹುಟ್ಟುಹಬ್ಬದ ದಿನ, ಫಿಟ್ಸ್‌ನೌ ಎಂಬ ಕೆರೆದಂಡೆಯ ಊರಿನಿಂದ ರಿಗಿ ಬೆಟ್ಟಕ್ಕೆ ರೈಲು ಹತ್ತಿತು. ಯುರೋಪಿನ ಮೊದಲ ಬೆಟ್ಟದ ರೈಲು. ಅದರ ಎಂಜಿನ್ ಫೋಟೋ ನೋಡಿ ನಾವು ಮೊದಲು ಇದೇನು ಗೀಸರ್ ಥರ ಇದೆ ಅಂತ ನಕ್ಕಿದ್ವಿ. ಬಾಯ್ಲರ್ ಮಲಗಿಲ್ಲ, ನಿಂತಿದೆ. ಅಷ್ಟು ಕಡಿದಾದ ಇಳಿಜಾರಿನಲ್ಲಿ ಉದ್ದನೆಯ ಮಲಗಿದ ಬಾಯ್ಲರ್ ಆದರೆ ನೀರೆಲ್ಲ ಒಂದು ಕಡೆಗೆ ಸರಿದು, ಇನ್ನೊಂದು ತುದಿಯ ಕೊಳವೆಗಳು ಬರಿದಾಗಿ ಸುಟ್ಟುಹೋಗುತ್ತವೆ. ನಿಲ್ಲಿಸಿದರೆ ಆ ಭಯ ಕಮ್ಮಿ.

ಆದರೆ ನಮಗೆ ತುಂಬಾ ಹಿಡಿಸಿದ್ದು ಹತ್ತೋ ಭಾಗ ಅಲ್ಲ. ಮೊದಲ ವರ್ಷದ ಟೆಕ್ ಫೆಸ್ಟ್‌ನಲ್ಲಿ ನಾವೊಂದು ರೋಬೋ ಮಾಡಿದ್ವಿ. ಇಳಿಜಾರು ಹಲಗೆಯನ್ನು ಚೆನ್ನಾಗಿ ಹತ್ತಿತು, ಚಪ್ಪಾಳೆ ಬಿತ್ತು. ಇಳಿಯುವಾಗ ಬ್ರೇಕ್ ಹಾಕಿದ್ವಿ, ಗಾಲಿ ನಿಂತಿತು, ರೋಬೋ ನಿಲ್ಲಲಿಲ್ಲ. ಜಾರಿಕೊಂಡು ಬಂದು ಮುಂದಿನ ಸಾಲಿನ ಕುರ್ಚಿಗೆ ಗುದ್ದಿ ಎರಡು ತುಂಡಾಯ್ತು. ಮೂರು ತಿಂಗಳ ಕೆಲಸ. ಇಳಿಯೋದರ ಬಗ್ಗೆ ನಾವು ಯೋಚನೆಯನ್ನೇ ಮಾಡಿರಲಿಲ್ಲ. ರಿಗೆನ್‌ಬಾಖ್ ಮಾಡಿದ್ದ. ಆತನ ರೈಲಿನಲ್ಲಿ ಕುರ್ಚಿಗಳಲ್ಲ, ಜನ ಇದ್ದರು. ಗಂಟೆಗಟ್ಟಲೆ ಬ್ರೇಕ್ ಒತ್ತಿ ಹಿಡಿದರೆ ಅದು ಕಾದು ಸವೆದು ಹೋಗುತ್ತೆ. ಹಾಗಾಗಿ ಇಳಿಯುವಾಗ ಆತ ಎಂಜಿನ್ನನ್ನೇ ಉಲ್ಟಾ ಕೆಲಸ ಮಾಡಿಸಿದ. ಗಾಲಿಗಳು ಪಿಸ್ಟನ್ ತಳ್ಳುತ್ತವೆ, ಪಿಸ್ಟನ್ ಹೊರಗಿನ ಗಾಳಿಯನ್ನು ಸಿಲಿಂಡರಿಗೆ ಎಳೆದು ಒತ್ತುತ್ತೆ. ಒತ್ತಿದ ಗಾಳಿ ಒಂದು ಸಣ್ಣ ಕವಾಟದ ಮೂಲಕ ಮಾತ್ರ ಹೊರಗೆ ಹೋಗಬೇಕು. ಕವಾಟ ಬಿಗಿ ಮಾಡಿದರೆ ರೈಲು ನಿಧಾನ, ಸಡಿಲ ಮಾಡಿದರೆ ಸ್ವಲ್ಪ ಜೋರು. ಬಿಸಿ ಆಗದಿರಲಿ ಅಂತ ಸಿಲಿಂಡರಿಗೆ ಸ್ವಲ್ಪ ನೀರು ಬಿಡೋದು. ರೈಲು ತನ್ನ ಭಾರವನ್ನು ತಾನೇ ತಡೆದುಕೊಂಡು ಇಳಿಯುತ್ತೆ. ಥರ್ಮೋ ಪೇಪರಿನಲ್ಲಿ ಕಂಪ್ರೆಸರ್ ಪ್ರಶ್ನೆ ಬಿಟ್ಟು ಬಂದಿದ್ದ ನಮ್ಮಲ್ಲಿಬ್ಬರಿಗೆ ಅವತ್ತು ಅದು ಅರ್ಥ ಆಯ್ತು.

ರಿಗಿ ಆದ ಮೇಲೆ ವಿಯೆನ್ನಾ, ಬುಡಾಪೆಸ್ಟ್, ದೂರದ ಬ್ರೆಜಿಲ್, ಎಲ್ಲಾ ಕಡೆ ಆತನ ಏಣಿ ಹೋಯಿತು. ಆರಾವ್ ಊರಿನಲ್ಲಿ 1873ರಲ್ಲಿ ಬೆಟ್ಟದ ರೈಲುಗಳಿಗೇ ಅಂತ ಕಂಪನಿ ಶುರುವಾಯಿತು. ಕೆಲವೇ ವರ್ಷಗಳಲ್ಲಿ ಮುಚ್ಚಿಯೂ ಹೋಯಿತು. ಅಲ್ಲಿ ಆತನ ಕೈಕೆಳಗೆ ಕೆಲಸ ಮಾಡಿದ ಒಬ್ಬ ಯುವಕ ರೋಮನ್ ಆಬ್ಟ್.

ಇನ್ನು ನಮ್ಮ ಊಟಿ. ಮದ್ರಾಸ್ ಸರ್ಕಾರಕ್ಕೆ ಕೂನೂರಿಗೆ ರೈಲು ಬೇಕಿತ್ತು. ಯಾರನ್ನು ಕೇಳೋದು? ರಿಗಿ ಕಟ್ಟಿದವನನ್ನೇ. ಅರವತ್ತು ದಾಟಿದ ರಿಗೆನ್‌ಬಾಖ್ ನೀಲಗಿರಿಗೆ ಬಂದ. 1882ರಲ್ಲಿ ಆತ ಕೊಟ್ಟ ಅಂದಾಜು 1,32,000 ಪೌಂಡ್. ಅದಕ್ಕಾಗಿ ಕಟ್ಟಿದ ಕಂಪನಿಯ ಹೆಸರಲ್ಲೇ ‘ರಿಗಿ’ ಇತ್ತು, ನೀಲಗಿರಿ ರಿಗಿ ರೈಲ್ವೆ. ಆದರೆ ದುಡ್ಡು ಹಾಕೋರು ಬರಲಿಲ್ಲ. ಅದೇ 1882ರಲ್ಲಿ ಆಬ್ಟ್ ತನ್ನದೇ ಪದ್ಧತಿಗೆ ಪೇಟೆಂಟ್ ಪಡೆದ. ಏಣಿ ಬದಲು ಗರಗಸದಂಥ ಪಟ್ಟಿಗಳು, ಪಕ್ಕಪಕ್ಕ ಎರಡು ಅಥವಾ ಮೂರು, ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದಿ. ಯಾವ ಕ್ಷಣದಲ್ಲೂ ಒಂದಾದರೂ ಹಲ್ಲು ಹಿಡಿತದಲ್ಲಿರುತ್ತೆ, ಓಟ ನಯ. ತಿರುವುಗಳಲ್ಲಿ ಬಗ್ಗಿಸೋದೂ ಸುಲಭ. ಏಣಿಯನ್ನು ಬಗ್ಗಿಸೋದು ಕಷ್ಟ. 208 ತಿರುವುಗಳಿರುವ ದಾರಿಗೆ ಯಾವುದು ಸರಿ ಅಂತ ನೀವೇ ಹೇಳಿ. ಮುಂದೆ ಬಂದ ಕಂಪನಿಗಳು ಆಬ್ಟ್ ಪದ್ಧತಿಯನ್ನೇ ಆರಿಸಿಕೊಂಡವು. ಸರಿಯಾದ ಆಯ್ಕೆಯೇ. ಆದರೂ ಹಡಗು ಹತ್ತಿ ಅಷ್ಟು ದೂರ ಬಂದು ಲೆಕ್ಕ ಬರೆದುಕೊಟ್ಟ ಮುದುಕನ ಬಗ್ಗೆ ನಮಗೆ ಬೇಜಾರಾಯ್ತು.

ಮೆಟ್ಟುಪಾಳ್ಯಂನಿಂದ ಕೂನೂರಿಗೆ ರೈಲು ಶುರುವಾದದ್ದು 1899ರ ಜೂನ್ 15ರಂದು. ರಿಗೆನ್‌ಬಾಖ್ ಓಲ್ಟೆನ್‌ನಲ್ಲಿ ತೀರಿಕೊಂಡದ್ದು ಅದೇ ವರ್ಷ ಜುಲೈ 25ರಂದು. ನಡುವೆ ನಲವತ್ತೇ ದಿನ. ಆತ 1886ರಲ್ಲಿ ಪ್ರಕಟಿಸಿದ ಆತ್ಮಕಥೆಗೆ ಕೊಟ್ಟ ಹೆಸರು ‘ಒಬ್ಬ ಹಳೆ ಮೆಕ್ಯಾನಿಕ್‌ನ ನೆನಪುಗಳು’. ಎಂಜಿನಿಯರ್ ಅಂತ ಹಾಕ್ಕೊಂಡಿಲ್ಲ. ಅಂದ ಹಾಗೆ, ಊಟಿ ರೈಲಿನ ಹಳೆಯ ಎಂಜಿನ್ನುಗಳು ತಯಾರಾದ ವಿಂಟರ್‌ಥೂರ್ ಕಾರ್ಖಾನೆಯ ಮೊಟ್ಟಮೊದಲ ಎಂಜಿನ್ ಯಾವುದು ಗೊತ್ತಾ? 1873ರಲ್ಲಿ ರಿಗಿ ಬೆಟ್ಟಕ್ಕೆ ಮಾಡಿದ 7ನೇ ನಂಬರಿನದು.

ವೆಂಗೆನ್ ರೈಲು ಬಂದದ್ದು 1893ರಲ್ಲಿ, ಅಲ್ಲಿ ಹಾಕಿದ್ದು ಆತನ ಏಣಿ ಪದ್ಧತಿಯನ್ನೇ. ಆಗ ಅದು ಬೇಸಿಗೆಯ ಪ್ರವಾಸಿಗರಿಗೆ. ಹಲಗೆ ಹೊತ್ತ ಸ್ಕೀ ಜನ ಚಳಿಗಾಲದಲ್ಲಿ ಗುಂಪುಗುಂಪಾಗಿ ಬರತೊಡಗಿದ್ದು ಆತ ಸತ್ತ ಮೇಲೆ. ಕಣಿವೆಯ ಆಚೆ ದಡದ ಮ್ಯೂರೆನ್‌ನಲ್ಲಿ 1922ರಲ್ಲಿ ಈಗಿನ ಥರದ ಸ್ಲಾಲಂ ಸ್ಪರ್ಧೆ ಶುರುಮಾಡಿದ ಆರ್ನಾಲ್ಡ್ ಲನ್ ಹುಟ್ಟಿದ್ದು ಮದ್ರಾಸಿನಲ್ಲಿ ಅನ್ನೋದು ಹುಡುಕುವಾಗ ಸಿಕ್ಕಿದ ಇನ್ನೊಂದು ತಮಾಷೆ.

ಅಕ್ಕ ಈ ಚಳಿಗಾಲಕ್ಕೂ ಹೋಗ್ತಾಳಂತೆ. ಹಿಮದ ವಿಡಿಯೋ ಸಾಕು, ಸ್ಟೇಷನ್ನಿನಲ್ಲಿ ಇಳಿದು ಹಳಿ ನಡುವಿನ ಒಂದು ಫೋಟೋ ತೆಗೆದು ಕಳಿಸು ಅಂತ ಮೆಸೇಜ್ ಹಾಕಿದ್ದೀವಿ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.