ಅಮ್ಮನ ರಜನಿ

ಬಾಂದ್ರಾದಲ್ಲಿ ಮೀಟರ್ ಹಾಕದ ರಿಕ್ಷಾದವನ ಜೊತೆ ನಾನು ಜಗಳಕ್ಕೆ ನಿಂತರೆ ಅಮ್ಮ ಈಗಲೂ ನನ್ನನ್ನು ರಜನಿ ಅಂತಲೇ ಕರೆಯುತ್ತಾಳೆ. 1985ರಲ್ಲಿ ದೂರದರ್ಶನದಲ್ಲಿ ಬಂದ, ಬಾಸು ಚಟರ್ಜಿ ನಿರ್ದೇಶನದ ಧಾರಾವಾಹಿಯದು; ಎಲ್ಲಿ ಮೋಸ ಕಂಡರೂ ಸುಮ್ಮನಿರದ ಗೃಹಿಣಿಯಾಗಿ ಪ್ರಿಯಾ ತೆಂಡೂಲ್ಕರ್. ಟ್ಯಾಕ್ಸಿಯವರ ಕುರಿತ ಕಂತಿಗೆ ಟ್ಯಾಕ್ಸಿಯವರು ಪ್ರತಿಭಟನೆಗೇ ಇಳಿದಿದ್ದರು!

ನಾಟಕಕಾರ ವಿಜಯ್ ತೆಂಡೂಲ್ಕರರ ಈ ಮಗಳು ಹುಟ್ಟಿದ್ದು 1954ರಲ್ಲಿ. ‘ಅಂಕುರ್’ನಲ್ಲಿ ಅನಂತನಾಗ್ ಹೆಂಡತಿಯ ಪಾತ್ರ; 1980ರಲ್ಲಿ ಶಂಕರನಾಗರ ‘ಮಿಂಚಿನ ಓಟ’ದಿಂದ ನಮ್ಮ ಕನ್ನಡಕ್ಕೂ ಬಂದರು. ಮರಾಠಿಯಲ್ಲಿ ಕಥೆಗಳನ್ನೂ ಬರೆದರು. ಸ್ತನ ಕ್ಯಾನ್ಸರ್ ಕಾಡಿತ್ತು. 2002ರ ಸೆಪ್ಟೆಂಬರ್ 19ರಂದು ಹೃದಯಾಘಾತದಿಂದ ತೀರಿಕೊಂಡಾಗ ಬರೀ 47 ವರ್ಷ.

ಮದುವೆಯಾಗಿ ಮುಂಬಯಿಗೆ ಬಂದಾಗ ಅಮ್ಮನಿಗೆ ಹಿಂದಿ ಬರುತ್ತಿರಲಿಲ್ಲ, ಬಾಗಿಲಿಗೆ ಬಂದವರ ಜೊತೆ ಮಾತಾಡಲೂ ಅಂಜಿಕೆ. ರಜನಿ ನೋಡಿದ ಮೇಲೆ ಗ್ಯಾಸಿನವನಿಗೆ ಸಿಲಿಂಡರ್ ತೂಗಿ ತೋರಿಸು ಅಂದಳಂತೆ, ಅರ್ಧ ಕನ್ನಡದಲ್ಲೇ.