ಇಂದಿನ ಧಮ್ಮಚಿಂತನೆ: ಕೊಟ್ಟವರೂ ಪಡೆದವರೇ



ಕತಞ್ಞುತಾ, ಅಂದರೆ ಉಪಕಾರಸ್ಮರಣೆ ಎಂದಾಗ ನನಗೆ ನೆನಪಾಗುವವರು ಡಾ. ದ್ವಾರಕಾನಾಥ ಕೊಟ್ನೀಸ್. 1910ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಅವರು 1938ರಲ್ಲಿ ಐವರು ಭಾರತೀಯ ವೈದ್ಯರ ತಂಡದಲ್ಲಿ ಯುದ್ಧಪೀಡಿತ ಚೀನಾಕ್ಕೆ ಹೋದರು. ಉಳಿದ ನಾಲ್ವರು ತಾಯ್ನಾಡಿಗೆ ಮರಳಿದರು. ಕೊಟ್ನೀಸ್ ಮರಳಲಿಲ್ಲ. 1942ರ ಡಿಸೆಂಬರ್ 9ರಂದು, 32ನೇ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡರು.

ನಾವು ಇದನ್ನು ತ್ಯಾಗ ಎನ್ನುತ್ತೇವೆ, ನಿಜ. ಆದರೆ ಅವರು ಪಡೆದದ್ದನ್ನೂ ನಾನು ಎಣಿಸುತ್ತೇನೆ. ಚೀನೀ ಭಾಷೆ ಅಲ್ಲಿನವರದು. ಬಾಳಸಂಗಾತಿಯಾದ ಗುವೋ ಚಿಂಗ್‌ಲಾನ್ ಅಲ್ಲಿನ ನರ್ಸಿಂಗ್ ಶಿಕ್ಷಕಿ. ಮಗನ ಹೆಸರು ಯಿನ್‌ಹುವಾ: ‘ಯಿನ್’ ಎಂದರೆ ಭಾರತ, ‘ಹುವಾ’ ಎಂದರೆ ಚೀನಾ.

ಆರೋಗ್ಯ ಶಿಬಿರಕ್ಕೆ ಹೋಗುವ ನಾವು ಕೊಟ್ಟದ್ದನ್ನು ಮರೆಯೋಣ, ಅಲ್ಲಿ ನೀರು ಕೊಟ್ಟವರನ್ನು ನೆನೆಯೋಣ.

ಎಲ್ಲರಿಗೂ ಮಂಗಳವಾಗಲಿ.