ಹೂಗಳನ್ನು ಎಣಿಸಿದ ಬಾದಶಹ

ಬಾಬರ್ ಎಂದೊಡನೆ ನಿಮಗೆ ನೆನಪಾಗುವುದು ಪಾಣಿಪತ್ತಿನ ರಣರಂಗ, ಫಿರಂಗಿಗಳು ಮತ್ತು ಶಾಲೆಯಲ್ಲಿ ಬಾಯಿಪಾಠ ಮಾಡಿದ 1526ನೇ ಇಸವಿ. ಆದರೆ ಆತ ತನ್ನ ಮಾತೃಭಾಷೆಯಾದ ಚಗತಾಯಿ ತುರ್ಕಿಯಲ್ಲಿ ಬರೆದಿಟ್ಟ ಆತ್ಮಕಥೆ ‘ಬಾಬರ್‌ನಾಮಾ’ವನ್ನು ನೀವು ಒಮ್ಮೆ ಓದಬೇಕು. ಕೋಟೆ ಮುತ್ತಿಗೆಯ ವಿವರ ಓದುತ್ತಿರುವಂತೆಯೇ ಪುಟದ ನಡುವೆ ಥಟ್ಟನೆ ಒಂದು ಹೂವು ಅರಳಿಬಿಡುತ್ತದೆ.

ಝಹೀರುದ್ದೀನ್ ಮುಹಮ್ಮದ್ ಬಾಬರ್ ಹುಟ್ಟಿದ್ದು 1483ರ ಫೆಬ್ರವರಿ 14ರಂದು, ಇಂದಿನ ಉಜ್ಬೇಕಿಸ್ತಾನದಲ್ಲಿರುವ ಅಂದಿಜಾನಿನಲ್ಲಿ. 1494ರಲ್ಲಿ ತಂದೆ ಉಮರ್ ಶೇಖ್ ಮಿರ್ಜಾ ಕಮರಿಯ ಅಂಚಿನ ಪಾರಿವಾಳದ ಗೂಡು ಕುಸಿದು ತೀರಿಕೊಂಡಾಗ ಹುಡುಗನಿಗೆ ಕೇವಲ 11 ವರ್ಷ. ಅಲ್ಲಿಂದ ಮುಂದೆ ನೆಮ್ಮದಿ ಎಂಬುದೇ ಇಲ್ಲ. ಸಮರ್ಖಂದ್ ನಗರವನ್ನು ಮೂರು ಸಲ ಗೆದ್ದ, ಮೂರು ಸಲವೂ ಕಳೆದುಕೊಂಡ. ಹುಟ್ಟೂರೂ ಕೈತಪ್ಪಿತು. 1504ರಲ್ಲಿ ಕಾಬೂಲ್ ದಕ್ಕಿದಾಗ ಆತ ಮನೆಮಠ ಕಳೆದುಕೊಂಡ 21ರ ತರುಣ.

ಕಾಬೂಲಿನ ಬೆಟ್ಟದ ತಪ್ಪಲುಗಳಲ್ಲಿ ವಸಂತ ಕಾಲದಲ್ಲಿ ಲಾಲಾ ಹೂಗಳು, ಅಂದರೆ ಟ್ಯೂಲಿಪ್‌ಗಳು ಅರಳುತ್ತವೆ. ಬೇರೆ ಅರಸರಾದರೆ ನೋಡಿ ಮುಂದೆ ಸಾಗುತ್ತಿದ್ದರು. ಬಾಬರ್ ಅವುಗಳ ಜಾತಿಗಳನ್ನು ಎಣಿಸಲು ಹೇಳಿದ. 32 ಅಥವಾ 33 ಬಗೆ ಸಿಕ್ಕವು. ಅವುಗಳಲ್ಲಿ ಒಂದಕ್ಕೆ ಗುಲಾಬಿಯ ಪರಿಮಳವಿದೆ ಎಂಬುದನ್ನೂ ಬರೆದುಕೊಂಡ. ಕೆಂಪು ಮತ್ತು ಹಳದಿ ಅರ್ಗವಾನ್ ಮರಗಳು ಜೊತೆಯಾಗಿ ಹೂ ಬಿಡುವ ಒಂದು ಚಿಲುಮೆಗೆ ಕಲ್ಲಿನ ಕಟ್ಟೆ ಕಟ್ಟಿಸಿದ. ಇಸ್ತಾಲಿಫ್ ಎಂಬಲ್ಲಿ ಹಿಂದಿನ ಅರಸ ಬಲವಂತದಿಂದ ಕಸಿದುಕೊಂಡಿದ್ದ ತೋಟವೊಂದಿತ್ತು. ಬಾಬರ್ ಅದರ ಮಾಲೀಕರಿಗೆ ಬೆಲೆ ಕೊಟ್ಟು ನಂತರವೇ ಅದನ್ನು ತನ್ನದಾಗಿಸಿಕೊಂಡ. ಶರತ್ಕಾಲದಲ್ಲಿ ಬಣ್ಣ ತಿರುಗಿದ ಒಂದು ಎಳೆಯ ಸೇಬಿನ ಗಿಡವನ್ನು ಕಂಡಾಗಲಂತೂ, ಯಾವ ಚಿತ್ರಗಾರನಿಗೂ ಇದು ಸಾಧ್ಯವಿಲ್ಲ ಎನಿಸಿತು ಆತನಿಗೆ. ಮಗಳಂದಿರಿಗೆ ಇಟ್ಟ ಹೆಸರುಗಳನ್ನೇ ನೋಡಿ: ಗುಲ್‌ರಂಗ್, ಗುಲ್‌ಚೆಹ್ರಾ, ಗುಲ್‌ಬದನ್. ಗುಲಾಬಿ ಬಣ್ಣದವಳು, ಗುಲಾಬಿ ಮೊಗದವಳು, ಗುಲಾಬಿ ಮೈಯವಳು!

ಹಾಗೆಂದು ಆತ ಮೃದು ಸ್ವಭಾವದ ಕವಿ ಮಾತ್ರ ಎಂದು ಭಾವಿಸಬೇಡಿ. ಸೋತವರ ತಲೆಗಳನ್ನು ಗೋಪುರದಂತೆ ಪೇರಿಸಿದ್ದನ್ನು ಸಹ ಅದೇ ಲೇಖನಿ ಅಷ್ಟೇ ತಣ್ಣಗೆ ದಾಖಲಿಸಿದೆ. ಇವೆರಡನ್ನೂ ಒಬ್ಬನೇ ಮನುಷ್ಯ ಬರೆದ ಎಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

ಹಿಂದೂಸ್ತಾನ ಆತನಿಗೆ ಮೊದಲಿಗೆ ಹಿಡಿಸಲಿಲ್ಲ. ಸೆಕೆ, ಧೂಳು, ಹರಿಯುವ ನೀರಿಲ್ಲ, ಒಳ್ಳೆಯ ದ್ರಾಕ್ಷಿಯಿಲ್ಲ, ಖರ್ಬೂಜವಿಲ್ಲ ಎಂದು ದೂರುಗಳ ಪಟ್ಟಿಯನ್ನೇ ಮಾಡಿದ. ಈ ಭಾಗ ಓದುವಾಗ ನಮಗೆ ಸ್ವಲ್ಪ ಬೇಸರವಾಗುವುದು ಸಹಜ. ಆದರೆ ಕೆಲವು ಪುಟಗಳಲ್ಲೇ ಕಣ್ಣು ಮನಸ್ಸಿನ ಮಾತು ಕೇಳದಾಗುತ್ತದೆ. ನಮ್ಮ ಅಂಗಳದ ದಾಸವಾಳ ಆತನಿಗೆ ಹೊಸದು. ಅದರ ಕೆಂಪನ್ನು ದಾಳಿಂಬೆ ಹೂವಿನೊಂದಿಗೆ ಹೋಲಿಸಿ ನೋಡಿದ, ಒಂದೇ ದಿನದಲ್ಲಿ ಬಾಡುವುದನ್ನು ಗಮನಿಸಿದ. ಕೇದಗೆಯನ್ನು, ಕಣಗಿಲೆಯನ್ನು, ಮಲ್ಲಿಗೆಯನ್ನು ಒಂದೊಂದಾಗಿ ವರ್ಣಿಸಿದ. 1528ರಲ್ಲಿ ಗ್ವಾಲಿಯರ್‌ಗೆ ಹೋದಾಗ ಅಲ್ಲೊಂದು ತೋಟದಲ್ಲಿ ಅಪರೂಪದ ಕೆಂಪು ಕಣಗಿಲೆ ಕಣ್ಣಿಗೆ ಬಿತ್ತು. ಅದರ ಗಿಡಗಳನ್ನು ಆಗ್ರಾಕ್ಕೆ ತರಿಸಿ ತನ್ನ ತೋಟಗಳಲ್ಲಿ ನೆಡಿಸಿದ. ಬೈದ ನೆಲದಲ್ಲೇ ಬೇರು ಬಿಡತೊಡಗಿದ್ದ. ಆದರೂ 1529ರಲ್ಲಿ ಗೆಳೆಯ ಖ್ವಾಜಾ ಕಲಾನ್‌ಗೆ ಪತ್ರ ಬರೆಯುವಾಗ, ಕಾಬೂಲಿನ ಖರ್ಬೂಜ ಹೆಚ್ಚುತ್ತಾ ಅತ್ತದ್ದನ್ನು ಮುಚ್ಚಿಡಲಿಲ್ಲ.

ಅದೇ ವರ್ಷದ ಮೇ ತಿಂಗಳ ಒಂದು ರಾತ್ರಿ ಬಿರುಗಾಳಿ ಮಳೆಗೆ, ಬರೆಯುತ್ತಾ ಕುಳಿತಿದ್ದವನ ತಲೆಯ ಮೇಲೆಯೇ ಡೇರೆ ಕುಸಿಯಿತು. ಹಾಳೆಗಳೆಲ್ಲ ನೆನೆದವು. ಬಾದಶಹ ಬೆಳಗಿನವರೆಗೆ ನಿದ್ದೆ ಮಾಡದೆ ಅವನ್ನು ಬೆಂಕಿಗೆ ಹಿಡಿದು ಒಣಗಿಸಿದ. ಆ ರಾತ್ರಿ ಆ ಹಾಳೆಗಳು ಹಾಳಾಗಿದ್ದರೆ ನಾವು ಎಷ್ಟು ಕಳೆದುಕೊಳ್ಳುತ್ತಿದ್ದೆವೋ!

1530ರ ಡಿಸೆಂಬರ್ 26ರಂದು ಬಾಬರ್ ಆಗ್ರಾದಲ್ಲಿ ನಿಧನನಾದ. ಮೊಮ್ಮಗ ಅಕ್ಬರನ ಕಾಲದಲ್ಲಿ, 1589ರಲ್ಲಿ, ಅಬ್ದುಲ್ ರಹೀಮ್ ಖಾನ್‌ಖಾನಾ ಈ ಗ್ರಂಥವನ್ನು ಫಾರ್ಸಿಗೆ ಅನುವಾದಿಸಿದರು. ಚಿತ್ರಕಾರರಾದ ಬಿಷನ್‌ದಾಸ್ ಮತ್ತು ನನ್ಹಾ, ‘ಬಾಗ್-ಎ-ವಫಾ’ ತೋಟದಲ್ಲಿ ಬಾಬರ್ ನಿಂತು ಕೆಲಸ ಮಾಡಿಸುತ್ತಿರುವ ಚಿತ್ರ ಬರೆದರು. ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಮಗಳು ಗುಲ್‌ಬದನ್ ಬೇಗಂ ಕೂಡ ಅಕ್ಬರನ ಕೋರಿಕೆಯಂತೆ ‘ಹುಮಾಯೂನ್‌ನಾಮಾ’ ಬರೆದು ತಂದೆಯನ್ನು ನೆನೆದರು.

ಆಗ್ರಾದಲ್ಲಿ ದಫನ್ ಆಗಿದ್ದ ದೇಹವನ್ನು ಕೆಲವು ವರ್ಷಗಳ ನಂತರ ಕಾಬೂಲಿಗೆ ಒಯ್ಯಲಾಯಿತು. ಬೆಟ್ಟದ ಇಳಿಜಾರಿನ ತೋಟದಲ್ಲಿ ಆತನ ಸಮಾಧಿಯಿದೆ. 1607ರಲ್ಲಿ ಮರಿಮಗ ಜಹಾಂಗೀರ್ ಅಲ್ಲಿಗೆ ಹೋಗಿ ಶಿಲಾಫಲಕ ಇಡಿಸಿದ. 1990ರ ದಶಕದ ಅಂತರ್ಯುದ್ಧದಲ್ಲಿ ಆ ತೋಟದ ಮರಗಳೆಲ್ಲ ನಾಶವಾದವು. 2002ರ ನಂತರ ಆಗಾ ಖಾನ್ ಟ್ರಸ್ಟ್ ಅದನ್ನು ಮತ್ತೆ ಕಟ್ಟಿ, ಅರ್ಗವಾನ್ ಗಿಡಗಳನ್ನು ಹುಡುಕಿ ತಂದು ನೆಡಿಸಿತು.